ಚಿಗವ್ವನ ಕೊರಳಲ್ಲಿದ್ದ ಅವ್ವ

ದೆವ್ವದ ಮಾತು ಬಂದ ಕೂಡಲೇ ಹುಣಸೆಮರ, ಹಾಳುಬಾವಿ, ಅಮಾವಾಸ್ಯೆ ಎಂದು ಶುರು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ದೆವ್ವವಿದ್ದ ಮನೆಯಲ್ಲಿ ಒಂದು ಹೊತ್ತೂ ಉಂಡವರಲ್ಲ. ನಾನು ಉಂಡಿದ್ದೇನೆ, ಆಡಿದ್ದೇನೆ, ಹೊಸ್ತಿಲ ಮೇಲೆ ಕೂತು ಹೇನು ತೆಗೆಸಿಕೊಂಡಿದ್ದೇನೆ. ಆ ಮನೆಯಲ್ಲಿ ಹುಣಸೆಮರ ಇರಲಿಲ್ಲ, ಕತ್ತಲೆಗೆ ಒಂದು ಮೂಲೆಯೂ ಸಿಕ್ಕಿರಲಿಲ್ಲ. ಇದ್ದದ್ದು ಬಿಸಿಲು. ಬೀದರದ ಊರಗೋಡೆಯ ಹೊರಗೆ, ಕೆಂಪು ನೆಲದ ಬಯಲಿನಲ್ಲಿ, ಒಂದಕ್ಕೊಂದು ಮುಟ್ಟದ ಹಾಗೆ ಕಟ್ಟಿದ ಹತ್ತಾರು ಹೊಸ ಮನೆಗಳಲ್ಲಿ ನಮ್ಮದೂ ಒಂದು. ಒಳಗಿನ ಇಕ್ಕಟ್ಟು ಓಣಿಗಳಲ್ಲಿ ಪ್ಲೇಗು ಬಂದು ಮನೆಮನೆಗೆ ಇಲಿ ಬಿದ್ದ ಮೇಲೆ, ಶಕ್ತಿ ಇದ್ದವರು ಗೋಡೆ ದಾಟಿ ಬಂದು ಕಟ್ಟಿಕೊಂಡ ಮನೆಗಳು ಅವು. ಅಪ್ಪ ಊರೊಳಗೆ ಸೀರೆಯ ಅಂಗಡಿ ಇಟ್ಟಿದ್ದ. ಬಿಸಿಲು ಬಿದ್ದಲ್ಲಿ ಬೇನೆ ನಿಲ್ಲುವುದಿಲ್ಲ ಎಂದು ಯಾರೋ ಹಕೀಮರು ಹೇಳಿದ್ದನ್ನು ಅವನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಪ್ರತಿ ಗೋಡೆಗೂ ಎರಡೆರಡು ಕಿಟಕಿ ಇಡಿಸಿದ, ಅಡುಗೆಮನೆಯ ಮಾಳಿಗೆಗೂ ಬೆಳಕಿಂಡಿ ತೆಗೆಸಿದ, ಹಿತ್ತಿಲಲ್ಲಿ ಒಂದು ಬೇವಿನ ಸಸಿ ನೆಡಲಿಕ್ಕೂ ಬಿಡಲಿಲ್ಲ. ವರ್ಷಕ್ಕೆ ಎರಡು ಸಲ ಸುಣ್ಣ ಬಳಿಸುತ್ತಿದ್ದ. ಮಧ್ಯಾಹ್ನ ಆ ಗೋಡೆಗಳ ಕಡೆ ನೋಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ನನ್ನ ಅವ್ವ ಸತ್ತದ್ದು ಅದೇ ಪ್ಲೇಗಿನಲ್ಲಿ. ಊರಿಗೆ ಊರೇ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಅಂಥದೊಂದು ಗುಡಿಸಲಲ್ಲಿ. ನನಗಾಗ ನಾಲ್ಕು ವರ್ಷ. ಅವಳ ಮುಖ ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ಒಂದು ಕೈ, ಕೈಯಲ್ಲಿ ಹಿಟ್ಟು, ಅಷ್ಟೇ ಬರುತ್ತದೆ. ಫೋಟೋ ಗೀಟೋ ತೆಗೆಸುವ ಪೈಕಿಯ ಮನೆ ನಮ್ಮದಲ್ಲ. ಮನೆಯಲ್ಲಿ ಅವಳ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತಾಳೆ ಎಂದು ಆಯಿಗೆ ಹೆದರಿಕೆ. ಆಯಿ ಅಂದರೆ ಅಪ್ಪನ ತಾಯಿ, ಔರಾದ ಸೀಮೆಯ ಡಾಬಕಾದವಳು, ನಾಲಿಗೆಯಲ್ಲಿ ಖಾರ, ಎದೆಯಲ್ಲಿ ಪುಕ್ಕಲು. ಅವಳ ಬಾಯಲ್ಲಿ ನನ್ನ ಅವ್ವ ಬರೀ "ಹಿರಿಯಾಕಿ." ಅಪ್ಪನ ಬಾಯಲ್ಲಿ ಅದೂ ಇಲ್ಲ. ಹಾಗಾಗಿ ನಾನು ಅವ್ವ ಎಂಬ ಮಾತನ್ನು ನುಂಗಿಕೊಂಡೇ ಬೆಳೆದೆ.

ನನಗೆ ಏಳು ತುಂಬಿದಾಗ ಭಾಲ್ಕಿಯಿಂದ ಚಿಗವ್ವ ಬಂದಳು. ಅಪ್ಪನ ಎರಡನೆಯ ಹೆಂಡತಿ. ಅವಳಿಗೆ ಹೆಚ್ಚೆಂದರೆ ಹದಿನೇಳು ಇದ್ದೀತು. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದೆಯುವುದಕ್ಕೂ ಮೊದಲು ಆಯಿ ಅವಳನ್ನು ತಡೆದು, ಮಡಿಲಿನಿಂದ ಒಂದು ಬೆಳ್ಳಿಯ ಪದಕ ತೆಗೆದು, ತಾಳಿಯ ಪಕ್ಕದಲ್ಲೇ ಅವಳ ಕೊರಳಿಗೆ ಕಟ್ಟಿದಳು. ರೂಪಾಯಿಯಷ್ಟು ಅಗಲದ ಪದಕ. ಅದರ ಮೇಲೆ ಪತ್ತಾರನು ಉಬ್ಬಿಸಿದ ಒಂದು ಹೆಣ್ಣಿನ ಮುಖ: ಎರಡು ಕಣ್ಣು, ಮೂಗು, ಮೂಗಿನಲ್ಲಿ ನತ್ತು. ಸತ್ತ ಹಿರಿಯ ಹೆಂಡತಿಯನ್ನು ಹೀಗೆ ಕಿರಿಯಳ ಕೊರಳಲ್ಲಿ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಕೂರಿಸಿದ ಮೇಲೆ ಅವಳದೇ ಮೊದಲ ಪಾಲು. ಹೊಸ ಸೀರೆ ಬಂದರೆ ಮೊದಲು ಪದಕಕ್ಕೆ ಮುಟ್ಟಿಸಿ "ಅಕ್ಕಾ, ನೀ ಉಟ್ಟುಕೋ" ಎನ್ನಬೇಕು, ಆಮೇಲೆ ತಾನು ಉಡಬೇಕು. ರೊಟ್ಟಿಯ ಮೊದಲ ತುತ್ತು, ತಲೆಗೆ ಮೊದಲ ಹೂವು, ಎಲ್ಲ ಅವಳಿಗೆ. ತಪ್ಪಿದರೆ ಹಿರಿಯಳು ಪದಕ ಬಿಟ್ಟು ಎದ್ದು ಬರುತ್ತಾಳೆ. ಅಪ್ಪ ಇದನ್ನು ಕಂಡು ಬಾಗಿಲಲ್ಲೇ ಸಿಡುಕಿದ. ದಿನಾ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನುಷ್ಯ ಅವನು.

"ಲಿಂಗಾ ಕಟ್ಟಿದ ಮನ್ಯಾಗ ದೆವ್ವಿನ ಮಾತ್ಯಾಕ ಯವ್ವಾ? ಸತ್ತವರು ಬಯಲಿನ್ಯಾಗ ಬಯಲಾಗ್ತಾರ. ತಿರುಗಿ ಬಂದು ಸೀರಿ ಕೇಳೂದಿಲ್ಲ."

"ಬಯಲಾಗ ಬೇಕಾದ್ರ ಆಗಬೇಕಾದ್ದೆಲ್ಲಾ ಆಗಿರಬೇಕೋ ಮಗನ," ಎಂದಳು ಆಯಿ. "ಆಗ್ಯದೇನು? ನೀನೇ ಹೇಳು."

ಗಿರಾಕಿಗಳ ಸಂಗಡ ತಾಸುಗಟ್ಟಲೆ ವಾದಿಸುವ ಅಪ್ಪ ಆಯಿಯ ಒಂದೇ ಮಾತಿಗೆ ಸೋತು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿಬಿಟ್ಟ. ಏನು ಆಗಬೇಕಾಗಿತ್ತು, ಏನು ಆಗಲಿಲ್ಲ ಎಂದು ನನಗಾಗ ತಿಳಿಯಲಿಲ್ಲ.

ಚಿಗವ್ವನನ್ನು ನಾನು ದ್ವೇಷಿಸಬೇಕೆಂದೇ ಇದ್ದೆ. ಪಕ್ಕದ ಮನೆಯವರೆಲ್ಲ "ಮಲತಾಯಿ ಬಂದಳು, ಪಾಪ ಕೂಸು" ಎಂದು ನನ್ನ ಗಲ್ಲ ಸವರಿ ಅದಕ್ಕೆ ತಯಾರಿ ಮಾಡಿಟ್ಟಿದ್ದರು. ಆದರೆ ಅವಳ ಕೊರಳಲ್ಲಿ ಆ ಪದಕ ಇತ್ತಲ್ಲ! ನನ್ನ ಅವ್ವನ ಮುಖ ಇಡೀ ಲೋಕದಲ್ಲಿ ಇದ್ದದ್ದು ಅದೊಂದೇ ಜಾಗದಲ್ಲಿ. ನೋಡಬೇಕೆಂದರೆ ಚಿಗವ್ವನ ಹತ್ತಿರ ಹೋಗಬೇಕು, ಅವಳ ತೊಡೆಯ ಮೇಲೆ ತಲೆ ಇಡಬೇಕು. ಮೊದಮೊದಲು ಕಳ್ಳಿಯ ಹಾಗೆ ನೋಡುತ್ತಿದ್ದೆ. ಆಮೇಲೆ ಆಕೆ ಹಿಟ್ಟು ನಾದುವಾಗ, ಪುಂಡಿಪಲ್ಯ ಸೋಸುವಾಗ, ಎದುರಿಗೇ ಕುಕ್ಕರಗಾಲಲ್ಲಿ ಕೂತು ನೋಡತೊಡಗಿದೆ. ಅವಳಿಗೆ ತಿಳಿಯಿತು. ಸೆರಗು ಸರಿಸಿ ಪದಕವನ್ನು ಮುಂದಕ್ಕೆ ಬಿಟ್ಟು, ಏನೂ ಆಗದವಳ ಹಾಗೆ ರೊಟ್ಟಿ ಬಡಿಯುತ್ತಿದ್ದಳು. ಅಷ್ಟೇ ಅಲ್ಲ, ಪದಕದ ಜೊತೆ ಮಾತೂ ಆಡುತ್ತಿದ್ದಳು. ಆಯಿ ಹೇಳಿಕೊಟ್ಟ ಹೆದರಿಕೆಯ ಮಾತಲ್ಲ ಅದು, ಬಾವಿಕಟ್ಟೆಯ ಮಾತು.

"ಅಕ್ಕಾ, ಇವತ್ತ ಝುಣಕಕ್ಕ ಉಪ್ಪು ಜಾಸ್ತಿ ಆಗ್ಯದ ನೋಡು. ಅತ್ತಿಗಿ ಹೇಳಬ್ಯಾಡ. ನಿನ್ನ ಮಗಳು ತಲಿ ಹಿಕ್ಕೋ ಅಂದ್ರ ಓಡ್ತಾಳ. ನೀ ಹ್ಯಾಂಗ ಹಿಡೀತಿದ್ದಿ ಈ ಮಂಗ್ಯಾನ್ನ?"

ನಾನು ನಕ್ಕುಬಿಟ್ಟೆ. ಆವತ್ತಿನಿಂದ ದ್ವೇಷದ ಕೆಲಸ ಕೈಬಿಟ್ಟುಹೋಯಿತು. ಆದರೆ ಒಂದು ಹೊಟ್ಟೆಯುರಿ ಮಾತ್ರ ಉಳಿಯಿತು, ಅದನ್ನು ಈಗ ಹೇಳಿಬಿಡುತ್ತೇನೆ. ಅವ್ವ ನನ್ನವಳು, ಇರುವುದು ಮಾತ್ರ ಚಿಗವ್ವನ ಕೊರಳಲ್ಲಿ. ತುತ್ತು ಕೊಡುವವಳು ಅವಳು, ಸೀರೆ ಕೊಡುವವಳು ಅವಳು, ಅಕ್ಕಾ ಎಂದು ಕರೆಯುವವಳು ಅವಳು. ನನ್ನನ್ನು ಕೇಳುವವರು ಯಾರು?

ಮೂರನೆಯ ವರ್ಷದ ಬೇಸಿಗೆಯಲ್ಲಿ ಚಿಗವ್ವ ಬಸುರಾದಳು. ಅದೇ ದಿನಗಳಲ್ಲಿ ಪಕ್ಕದ ಮನೆಯ ಬೀಬಿ ಮೊದಲ ಸಲ ನೋಡಿದ್ದು. ಬೀಬಿಯ ಗಂಡ ಕಚೇರಿಯಲ್ಲಿ ಪೇಶ್ಕಾರ. ಆಕೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋದವಳು ದಡದಡ ಇಳಿದು ನಮ್ಮ ಪಡಸಾಲೆಗೇ ಬಂದು ಕುಸಿದಳು.

"ನಿಮ್ಮ ಹಿತ್ತಲ್ದಾಗ ಹರವಿ ಹತ್ರ ಯಾರೋ ಹೆಂಗಸು ನಿಂತಾಳ್ರಿ ಮಾ. ಖುದಾ ಕಸಮ್, ನನ್ನ ಕಣ್ಣಲೇ ನೋಡೀನಿ. ನೆರಳಾ ಇಲ್ಲ ಆಕಿಗಿ!"

"ಹನ್ನೆರಡ ಹೊಡದದ. ಈಗ ಯಾರಿಗಿ ನೆರಳ ಇರ್ತದವಾ?" ಎಂದಳು ಚಿಗವ್ವ, ಒಳಗಿನಿಂದಲೇ.

ಹರವಿ ಎಂದರೆ ಹಿತ್ತಿಲ ಕಟ್ಟೆಯ ಮೇಲಿದ್ದ ದೊಡ್ಡ ಮಣ್ಣಿನ ನೀರಿನ ಪಾತ್ರೆ. ಹೋಗಿ ನೋಡಿದರೆ ಅದರ ಮುಚ್ಚಳ ಪಕ್ಕಕ್ಕೆ ಇತ್ತು, ಕಟ್ಟೆ ಒದ್ದೆಯಾಗಿತ್ತು. ಕಾಗೆ ಇದ್ದೀತು, ಕೋತಿ ಇದ್ದೀತು. ಆದರೆ ವಾರದೊಳಗೆ ಇನ್ನೂ ಇಬ್ಬರು ಹೆಂಗಸರು ನೋಡಿದರು, ಅದೂ ನಡುಮಧ್ಯಾಹ್ನವೇ. ಆಮೇಲೆ ಆ ಬಡಾವಣೆಯ ಹಗಲೇ ಬದಲಾಯಿತು. ಬೇರೆ ಊರುಗಳಲ್ಲಿ ಸಂಜೆಗೆ ಮಕ್ಕಳನ್ನು ಒಳಗೆ ಕರೆಯುತ್ತಾರೆ. ನಮ್ಮಲ್ಲಿ ಹೊತ್ತು ನೆತ್ತಿಗೆ ಬರುವ ಮೊದಲು ಕರೆಯುತ್ತಿದ್ದರು. ಹಪ್ಪಳ, ಶಂಡಿಗೆ ಅರ್ಧ ಒಣಗಿದ್ದರೂ ಎತ್ತಿಕೊಂಡು ಓಡುತ್ತಿದ್ದರು. ಬಿಳಿ ಗೋಡೆ, ಕೆಂಪು ನೆಲ, ಹಗ್ಗದ ಮೇಲೆ ಅಲ್ಲಾಡದ ಬಟ್ಟೆ, ಎಲ್ಲ ಕದಗಳೂ ಹಾಕಿ, ಎಲ್ಲೂ ಒಂದು ಸದ್ದಿಲ್ಲ. ಅಷ್ಟೊಂದು ಬೆಳಕಿನಲ್ಲಿ ಏನನ್ನೂ ಅಡಗಿಸಿಡಲಿಕ್ಕೆ ಆಗುವುದಿಲ್ಲ ಎಂಬುದೇ ದೊಡ್ಡ ಹೆದರಿಕೆ. ನಾನು ಕಿಟಕಿಯ ಸಂದಿಯಿಂದ ಹರವಿಯನ್ನೇ ನೋಡುತ್ತಾ ಕೂರುತ್ತಿದ್ದೆ. ಊರವರಿಗೆಲ್ಲ ಕಾಣುವ ಅವ್ವ ನನಗೊಬ್ಬಳಿಗೇ ಯಾಕೆ ಕಾಣುವುದಿಲ್ಲ ಎಂದು ಅಳು ಬರುತ್ತಿತ್ತು.

ಏಳನೆಯ ತಿಂಗಳಿಗೆ ಕುಬಸ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ. ಭಾಲ್ಕಿಯಿಂದ ತವರಿನವರು ಸೀರೆ ಕಳಿಸಿದ್ದರು: ಹದಿನೆಂಟು ಮೊಳದ್ದು, ಗಂಜಿ ಹಾಕಿದ್ದು, ಎಳೆಯ ಜೋಳದ ಹಸಿರು. ಆಯಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚು. ಸೀರೆಯನ್ನು ಟ್ರಂಕಿನಲ್ಲಿ ಇಡುತ್ತಾ ಚಿಗವ್ವನಿಗೆ ಹೇಳಿದ ಮಾತು ನನಗೆ ಬಾಗಿಲ ಹಿಂದೆ ಕೇಳಿಸಿತು.

"ನಾಳಿ ಉಡೂಕಿಂತ ಮೊದಲ ಪದಕಕ್ಕ ಮುಟ್ಟಿಸೂದು ಮರೀಬ್ಯಾಡ. ಬಸುರಿ ಹೊಟ್ಟಿ ಕಂಡ್ರ ಹಿರಿಯಾಕಿಗಿ ತಡಿಯಾಕ ಆಗೂದಿಲ್ಲ. ಕೂಸಿಗೇ ಕೈ ಹಾಕ್ತಾಳ."

"ಅಕ್ಕ ಅಂಥಾಕಿ ಅಲ್ಲರಿ ಅತ್ತಿ."

"ನೀ ನೋಡೀಯೇನು ಆಕಿನ್ನ? ಸತ್ತ ಮ್ಯಾಲ ಯಾರೂ ಅಂಥಾಕಿ ಇಂಥಾಕಿ ಇರೂದಿಲ್ಲ."

ನನ್ನ ಅವ್ವ ಕೂಸು ತಿನ್ನುವವಳೇ? ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಇತ್ತು, ಯಾಕೆಂದರೆ ಅಲ್ಲ ಎಂದು ಹೇಳಲಿಕ್ಕೆ ನನಗಾದರೂ ಏನು ಗೊತ್ತಿತ್ತು? ಅವ್ವನನ್ನೇ ಕರೆದು ಕೇಳಬೇಕು ಎಂದು ನಿಶ್ಚಯ ಮಾಡಿದೆ. ಆಗಲೇ ಹೋಗಿ ಕೇಳಿದೆ ಎನ್ನಬೇಡಿ, ಊಟ ಮುಗಿಯುವವರೆಗೂ ಧೈರ್ಯ ಸಾಲಲಿಲ್ಲ. ಆವತ್ತು ಮಧ್ಯಾಹ್ನ ಚಿಗವ್ವ ತಲೆಗೆ ಎರೆದುಕೊಳ್ಳಲು ಬಚ್ಚಲಿಗೆ ಹೋದಳು. ಎಣ್ಣೆ ಮೆತ್ತುತ್ತದೆಂದು ಪದಕ ಬಿಚ್ಚಿ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಆಯಿ ಪಡಸಾಲೆಯಲ್ಲಿ ಕಣ್ಣು ಮುಚ್ಚಿದ್ದಳು. ಅಪ್ಪ ಅಂಗಡಿಯಲ್ಲಿದ್ದ. ಬೀದಿಯ ಕದಗಳೆಲ್ಲ ಹಾಕಿದ್ದವು.

ಪದಕ ಕೊರಳಿಗೆ ಹಾಕಿಕೊಂಡೆ. ಟ್ರಂಕು ತೆಗೆದು ಹಸಿರು ಸೀರೆ ಎಳೆದುಕೊಂಡೆ. ಹೊಸ ಸೀರೆಗೆ ಮೊದಲು ಬರುವವಳು ಅವಳೇ ಅಲ್ಲವೇ, ಹಾಗಾದರೆ ಸೀರೆ ನನ್ನ ಮೈಮೇಲಿದ್ದರೆ ನನ್ನ ಹತ್ತಿರವೇ ಬರಬೇಕು. ಇದು ನನ್ನ ಲೆಕ್ಕ. ಹಿತ್ತಿಲಿಗೆ ಹೋಗಿ, ಹರವಿಯ ಪಕ್ಕದಲ್ಲಿ, ಸುಡುವ ಕಲ್ಲಿನ ಮೇಲೆ ನಿಂತು ಆ ಸೀರೆಯನ್ನು ಸುತ್ತಿಕೊಂಡೆ. ಸುತ್ತಿಕೊಂಡೆ ಎಂದಷ್ಟೇ ಹೇಳಬಹುದು. ಹತ್ತು ವರ್ಷದ ಪೋರಿಗೆ ಹದಿನೆಂಟು ಮೊಳ! ಹೊದಿಕೆಯ ಹಾಗೆ ಸುತ್ತಿ, ಉಳಿದದ್ದನ್ನು ಕಾಲ ಬಳಿ ರಾಶಿ ಬಿಟ್ಟು, ಪಕ್ಕದ ಗೋಡೆಯ ಸಣ್ಣ ದಿಡ್ಡಿಬಾಗಿಲನ್ನೇ ನೋಡುತ್ತಾ ನಿಂತೆ. ಬಂದರೆ ಅಲ್ಲಿಂದಲೇ ಬರುತ್ತಾಳೆ ಎಂದು ಯಾಕೋ ಅನ್ನಿಸಿತ್ತು. ಕೆಳಗೆ ನೋಡಲಿಲ್ಲ. ನೋಡಿದರೆ ನನ್ನ ನೆರಳೂ ಇಲ್ಲದಿದ್ದರೆ ಏನು ಗತಿ ಎಂದು ಹೆದರಿಕೆ. ಬಾಯೊಳಗೇ ಅವ್ವಾ, ಅವ್ವಾ ಎಂದೆ. ಗಾಳಿ ಇರಲಿಲ್ಲ. ಕಾಲ ಹತ್ತಿರ ಸೀರೆ ಒಂದೆರಡು ಸಲ ಜಗ್ಗಿದ ಹಾಗಾಯಿತು, ಕಲ್ಲಿಗೆ ಸಿಕ್ಕಿರಬೇಕು ಎಂದು ಬಿಟ್ಟೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ದಿಡ್ಡಿಬಾಗಿಲು ಅಲುಗಲಿಲ್ಲ. ಆಗ ಅಡುಗೆಮನೆಯ ಬಾಗಿಲಲ್ಲಿ ತಂಬಿಗೆ ಬಿದ್ದ ಸದ್ದು, ಅದರ ಹಿಂದೆಯೇ ಯಾರೋ ಬಿದ್ದ ಸದ್ದು.

ಚಿಗವ್ವ ಹೊಸ್ತಿಲ ಮೇಲೆ ಅಡ್ಡ ಬಿದ್ದಿದ್ದಳು. ಒದ್ದೆ ಕೂದಲು, ಕಣ್ಣು ಮೇಲೆ ಸಿಕ್ಕಿತ್ತು. ನಾನು ಅವಳನ್ನು ದಾಟಿಕೊಂಡೇ ಒಳಗೆ ಓಡಿದೆ. ಇದನ್ನು ಬರೆಯುವಾಗ ಇಂದಿಗೂ ನಾಚಿಕೆಯಾಗುತ್ತದೆ. ಸೀರೆಯನ್ನು ಕಿತ್ತು ಟ್ರಂಕಿನ ತಳಕ್ಕೆ ತುರುಕಿದೆ. ಪದಕ ಎಲ್ಲಿಡಲಿ? ಆಯಿ ಎದ್ದ ಸದ್ದು ಕೇಳಿತು. ಕೊರಳಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ನನ್ನ ಲಿಂಗ ಇತ್ತು. ಆ ಗಂಟು ಬಿಚ್ಚಿ, ಲಿಂಗದ ಜೊತೆಗೇ ಪದಕ ಸೇರಿಸಿ ಬಿಗಿದು ಕಟ್ಟಿದೆ. ದೆವ್ವ ಕೂರಿಸಿದ ಬೆಳ್ಳಿಯನ್ನು ಲಿಂಗದ ಮೈಗೆ ತಾಗಿಸುವ ಕೆಲಸವನ್ನು ನಮ್ಮ ಏಳು ತಲೆಮಾರಿನಲ್ಲಿ ಯಾರೂ ಮಾಡಿರಲಿಲ್ಲ. ಅಪ್ಪನಿಗೆ ತಿಳಿದರೆ ಲಿಂಗ ಕೆಟ್ಟಿತು ಎನ್ನುತ್ತಾನೆ. ಆಯಿಗೆ ತಿಳಿದರೆ ಹಿರಿಯಾಕಿಯನ್ನು ಬಿಟ್ಟುಬಿಟ್ಟೆ ಎನ್ನುತ್ತಾಳೆ. ಇಬ್ಬರ ನಡುವೆ ನನ್ನ ಎದೆಯ ಮೇಲೆ ಆ ಸಣ್ಣ ಗಂಟು ತೂಗುತ್ತಿತ್ತು.

ಚಿಗವ್ವನಿಗೆ ನೋವು ಶುರುವಾಯಿತು, ರಕ್ತ ಕಂಡಿತು. ಸೂಲಗಿತ್ತಿ ಬಂದವಳು ಹೊಟ್ಟೆಗೆ ಕೈಯಿಟ್ಟು ನೋಡಿ, ಮೂರು ದಿನ ಅಲುಗಾಡದೆ ಮಲಗಿದರೆ ಉಳಿದರೂ ಉಳಿದೀತು, ಇಲ್ಲದಿದ್ದರೆ ತಾಯಿ ಉಳಿಯುವುದನ್ನೂ ನಾ ಹೇಳಲಾರೆ ಎಂದಳು. ಕುಬಸ ನಿಂತಿತು. ಚಿಗವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಒಂದು ಮಾತೂ ಆಡಲಿಲ್ಲ. ಏನು ನೋಡಿದಿ ಎಂದು ಆಯಿ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ಪದಕ ಮಾಡದಲ್ಲಿಲ್ಲ ಎಂದು ತಿಳಿದ ಕೂಡಲೇ ಆಯಿ ಎದೆ ಬಡಿದುಕೊಂಡಳು. ಟ್ರಂಕು ತೆಗೆದಾಗ ಮನೆಯೇ ಹಾರುವಂತೆ ಚೀರಿದಳು.

"ಉಟ್ಟಾಳಲ್ಲೋ! ಆಕಿ ಬಂದು ಉಟ್ಟ ಹೋಗ್ಯಾಳ! ನಿರಿಗಿ ಮುರದದ್ದು ನೋಡ್ರಿ ಹ್ಯಾಂಗ ಮೂಡ್ಯಾವ!"

ಪಾಪ, ಮುದುಕಿ, ನಾನು ತುರುಕಿದ ಮುದುರನ್ನೇ ನಿರಿಗೆ ಎನ್ನುತ್ತಿದ್ದಾಳೆ ಎಂದುಕೊಂಡೆ. ಹೇಳಲಿಕ್ಕೆ ಬಾಯಿ ಬರಲಿಲ್ಲ.

ಆ ಮೂರು ದಿನ ನಾನು ಉಂಡದ್ದು ನೆನಪಿಲ್ಲ. ಚಿಗವ್ವ ಬಿದ್ದದ್ದು ನನ್ನನ್ನು ನೋಡಿ, ಇದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆಕೆ ಸತ್ತರೆ ಕೊಂದವಳು ನಾನು. ಪದಕ ತಿರುಗಿ ಕೊಟ್ಟರೆ ಅವ್ವನನ್ನು ಮತ್ತೆ ಕೂಸು ತಿನ್ನುವವಳೆಂದು ಕಟ್ಟಿಹಾಕುತ್ತಾರೆ. ಕೊಡದಿದ್ದರೆ ನಿಜವಾಗಿಯೂ ತಿಂದುಬಿಟ್ಟರೆ? ಖೋಲಿಯಿಂದ ಚಿಗವ್ವ ನರಳಿದಾಗಲೆಲ್ಲ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಬೇಡ ಅವ್ವಾ, ಬಿಡು ಅವ್ವಾ ಎನ್ನುತ್ತಿದ್ದೆ. ಬೆಳಿಗ್ಗೆ ಅಪ್ಪ ಪೂಜೆಗೆ ಕೂತಾಗ "ನಾ ಆಗಲೇ ಮಾಡ್ಕೊಂಡೀನಿ" ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅವನು ಸೊರಗಿ ಹಂಚಿಕಡ್ಡಿ ಆಗಿದ್ದ. ಡಾಬಕಾದಿಂದ ದೆವ್ವ ಬಿಡಿಸುವವನನ್ನು ಕರೆಸೋಣ ಎಂದು ಆಯಿ ಹಟ ಹಿಡಿದಳು. ಆಗದು ಎಂದು ಅಪ್ಪ ಕಮಠಾಣಕ್ಕೆ ಗಾಡಿ ಕಳಿಸಿ ನಮ್ಮ ಮನೆತನದ ಗುರುಗಳಾದ ಅಯ್ಯನವರನ್ನು ಕರೆಸಿದ.

ಅಯ್ಯನವರು ಬಂದದ್ದು ನಾಲ್ಕನೆಯ ದಿನ, ಹೊತ್ತು ನೆತ್ತಿಗೆ ಬಂದಾಗಲೇ. ಕುಳ್ಳಗಿನ, ದಮ್ಮು ಹತ್ತುವ ಮುದುಕರು. ಖೋಲಿಯ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತರು. ಒಳಗೆ ಚಿಗವ್ವ, ಹೊರಗೆ ನಾವು ಮೂವರು.

"ಎಲ್ಲಾರೂ ಲಿಂಗಾ ಕೈಯಾಗ ತಗೊಳ್ರಿ. ಒಳಗಿನಾಕಿ ಮಲಗೇ ತಗೋಲಿ. ಹುಡುಗಿ, ನೀನೂ."

ನನ್ನ ಬೆರಳುಗಳು ಗಂಟಿನ ಮೇಲೆ ನಿಂತವು. ಓಡಿಹೋಗಬೇಕೆಂದರೆ ಬಾಗಿಲಿಗೆ ಆಯಿ ಅಡ್ಡ ಕೂತಿದ್ದಳು.

"ಯಾಕ ತಾಯಿ, ಗಂಟು ಬಿಗಿ ಆಗ್ಯದೇನು?" ಎಂದು ಅಯ್ಯನವರೇ ಕೈ ಚಾಚಿದರು.

ಬಿಚ್ಚಿದೆ. ಲಿಂಗ ನನ್ನ ಅಂಗೈಗೆ ಬಂತು. ಪದಕ ನೆಲಕ್ಕೆ ಬಿದ್ದು, ಉರುಳಿ, ಅಪ್ಪನ ಮೊಣಕಾಲಿಗೆ ಬಡಿದು, ಮುಖ ಮೇಲೆ ಮಾಡಿ ನಿಂತಿತು. ಆಯಿ "ಶಿವ ಶಿವಾ" ಎಂದಳು. ನಾನು ಹೊಡೆತಕ್ಕೆ ಕಣ್ಣು ಮುಚ್ಚಿದೆ. ಹೊಡೆತ ಬರಲಿಲ್ಲ. ಕಣ್ಣು ತೆಗೆದರೆ ಅಪ್ಪ, ದೆವ್ವವಿಲ್ಲ ಎನ್ನುವ ನನ್ನ ಅಪ್ಪ, ಪದಕದ ಮುಂದೆ ಹಣೆ ನೆಲಕ್ಕೆ ಹಚ್ಚಿ ಬಿದ್ದಿದ್ದ.

"ಗುರಮ್ಮಾ, ತಪ್ಪಾತು. ನನ್ನ ಒಯ್ಯಿ. ಒಳಗ ಮಲಗಿದ ಆ ಹುಡುಗಿನ್ನ ಬಿಡು, ಗುರಮ್ಮಾ."

ನನ್ನ ಅವ್ವನ ಹೆಸರು ಗುರಮ್ಮ ಎಂದು ನನಗೆ ತಿಳಿದದ್ದು ಆವತ್ತು. ಅಪ್ಪ ಅಳುತ್ತಲೇ ಅಯ್ಯನವರಿಗೆ ಎಲ್ಲ ಹೇಳಿದ. ಗುಡಿಸಲಲ್ಲಿ ಅವ್ವನಿಗೆ ಗಡ್ಡೆ ಎದ್ದಾಗ, ಕೂಸಿಗೆ ಹತ್ತೀತು ಎಂದು ನನ್ನನ್ನು ಎತ್ತಿಕೊಂಡು ಹೊರಟುಬಿಟ್ಟನಂತೆ.

"ಆಕಿನೇ ಹೋಗು ಅಂದಳು ಸ್ವಾಮಿ. ಒಂದ ತಂಬಿಗಿ ನೀರಿಟ್ಟ ಬಂದೆ. ಒಂದೇ ತಂಬಿಗಿ. ಮರುದಿನ ಬಿಸಿಲ ಹೊತ್ತಿನ್ಯಾಗ ಹೋದಳಂತ. ಸರ್ಕಾರದ ಆಳುಗಳು ಎಳದು ಮಣ್ಣು ಮಾಡಿದ್ರು. ವಿಭೂತಿ ಹಚ್ಚಲಿಕ್ಕೂ ಯಾರೂ ಇರಲಿಲ್ಲ."

ಆಯಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೆ ಇದು ಗೊತ್ತಿತ್ತು. ಆಗಬೇಕಾಗಿತ್ತು, ಆಗಲಿಲ್ಲ ಎಂದದ್ದು ಇದೇ. ಅಯ್ಯನವರು ಪದಕವನ್ನು ಎತ್ತಿ ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಸತ್ತವರಿಗೆ ಮಾಡುವ ಹಾಗೆಯೇ, ಆ ಸಣ್ಣ ಬೆಳ್ಳಿಯ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ತಂಬಿಗೆಯಿಂದ ನೀರು ತೆಗೆದು ಅದರ ತುಟಿಗೆ ಬಿಟ್ಟರು. ಒಂದು ಹನಿಯಲ್ಲ, ತಂಬಿಗೆ ಪೂರ್ತಿ. ನೀರು ಅವರ ಕೈಯಿಂದ ಇಳಿದು ಪಡಸಾಲೆಯ ತುಂಬ ಹರಿಯಿತು.

"ಆತು. ಇನ್ನ ಇದು ಯಾರ ಹತ್ರ ಇರಬೇಕು?" ಎಂದು ಕೇಳಿದರು.

ಒಳಗಿನಿಂದ, ನಾಲ್ಕು ದಿನಗಳಲ್ಲಿ ಮೊದಲ ಸಲ, ಚಿಗವ್ವನ ದನಿ ಬಂತು.

"ಆಕಿ ಮಗಳ ಕೈಯಾಗ ಕೊಡ್ರಿ ಅಯ್ಯನವರ. ನನ್ನ ಕೊಳ್ಳಿನ್ಯಾಗ ಅಕ್ಕಗ ಇಕ್ಕಟ್ಟ ಆಗಿತ್ತು."

ನಾನು ಓಡಿಹೋಗಿ ಅವಳ ಕಾಲು ಹಿಡಿದು ಎಲ್ಲ ಹೇಳಿಬಿಟ್ಟೆ: ಸೀರೆ ಕದ್ದದ್ದು, ಹರವಿಯ ಹತ್ತಿರ ನಿಂತದ್ದು, ಅವಳನ್ನು ದಾಟಿ ಓಡಿದ್ದು. ನೀ ಬಿದ್ದದ್ದು ನನ್ನಿಂದ ಎಂದು ಬಿಕ್ಕಿದೆ. ಅವಳು ನನ್ನ ತಲೆ ಸವರಿ "ಗೊತ್ತದ ಬಿಡು, ನಾ ನೋಡೀನಲ್ಲ" ಎಂದಳು. ಬೇರೆ ಏನೂ ಹೇಳಲಿಲ್ಲ. ಓದುವವರ ಜೀವ ಹಿಡಿದಿಡುವುದು ಬೇಡ: ರಕ್ತ ನಿಂತಿತು, ಕೂಸು ಉಳಿಯಿತು. ತಿಂಗಳು ತುಂಬಿ ಭಾಲ್ಕಿಯಲ್ಲಿ ಹೆರಿಗೆಯಾಯಿತು. ನನ್ನ ಆ ತಂಗಿಗೆ ಅಪ್ಪ ಇಟ್ಟ ಹೆಸರು ಗುರಮ್ಮ. ದಿನಕ್ಕೆ ನೂರು ಸಲ ಆ ಹೆಸರು ಕೂಗಿದರೂ ನಮ್ಮ ಮನೆಗೆ ಯಾರೂ ಎದ್ದು ಬರಲಿಲ್ಲ. ಬೀಬಿಯೂ ಮತ್ತೆ ಏನನ್ನೂ ನೋಡಲಿಲ್ಲ. ಮುಂದಿನ ವರ್ಷ ಅಪ್ಪ ತಾನಾಗಿಯೇ ಹಿತ್ತಿಲಲ್ಲಿ ಒಂದು ಬೇವು ನೆಟ್ಟ.

ಆದರೆ ಚಿಗವ್ವ ಹೆರಿಗೆಗೆ ಹೊರಟ ದಿನದ ಒಂದು ಮಾತು ಉಳಿದಿದೆ. ಬಾಗಿಲಲ್ಲಿ ಗಾಡಿ ನಿಂತಿತ್ತು. ಕುಬಸ ಮುಗಿಸಿ, ಅದೇ ಹಸಿರು ಸೀರೆ ಉಡುತ್ತಿದ್ದಳು. ಹೊಟ್ಟೆ ಅಡ್ಡ ಬಂದು ಬಗ್ಗಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು ಖೋಲಿಯ ನಾಲ್ಕೂ ಕಿಟಕಿಗಳಿಂದ ಒಳಗೆ ಬಿದ್ದಿತ್ತು.

"ಬಾ ನೀಲಾ, ಇಲ್ಲಿ ಕುಂತು ನಿರಿಗಿ ಒಂಚೂರು ಸರಿ ಮಾಡು."

"ನನಗ ನಿರಿಗಿ ಹಿಡೀಲಿಕ್ಕ ಬರೂದಿಲ್ಲ ಚಿಗವ್ವ. ಆವತ್ತೂ ಸುಮ್ಮ ಸುತ್ಕೊಂಡಿದ್ದೆ."

ಅವಳ ಕೈ ನಿಂತಿತು. ನನ್ನನ್ನು ಹತ್ತಿರ ಕರೆದು, ಹೊರಗೆ ಆಯಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು:

"ಸುಮ್ಮ ಸುತ್ಕೊಂಡಿರಲಿಲ್ಲವಾ. ಸಾಲಾಗಿ ನಿರಿಗಿ ಇದ್ದುವು. ನಿನ್ನ ಕಾಲ ಹತ್ರ ಒಬ್ಬಾಕಿ ಕುಂತಿದ್ದಳು, ಒಂದೊಂದೇ ನಿರಿಗಿ ಜಗ್ಗಿ ಜಗ್ಗಿ ಸರಿ ಮಾಡ್ತಿದ್ದಳು. ಕೂದಲಾ ಬಿಟ್ಟಿತ್ತು, ಮಾರಿ ಕಾಣಲಿಲ್ಲ. ಅತ್ತಿ ಇರಬೇಕು ಅಂದ್ಕೊಂಡೆ. ಅಷ್ಟರಾಗ ಅತ್ತಿ ಪಡಸಾಲ್ಯಾಗ ಕೆಮ್ಮಿದ್ರು."

ನಾನು ಅವಳ ಸೆರಗು ಹಿಡಿದು ಕೇಳಿದೆ.

"ನಿನ್ನ ಕಡೆ ನೋಡಿದಳೇನು?"

"ಇಲ್ಲ," ಎಂದಳು ಚಿಗವ್ವ. "ನಾ ಬಿದ್ದರೂ ನನ್ನ ಕಡೆ ತಿರುಗಲಿಲ್ಲ. ತಲಿ ಎತ್ತಿ ನಿನ್ನ ಮಾರಿನೇ ನೋಡ್ಲಿಕ್ಕತ್ತಿದ್ದಳು. ಅಷ್ಟ ಹೊತ್ತೂ."

ಅಷ್ಟು ಹೊತ್ತೂ ನಾನು ದಿಡ್ಡಿಬಾಗಿಲ ಕಡೆ ನೋಡುತ್ತಾ ನಿಂತಿದ್ದೆ.